ಶುಕ್ರವಾರದ ಎಣ್ಣೆ

“ಜಗದಮ್ಮನ ಚಿಕ್ಕ ಮಗ ಇದ್ದಾನಲ್ಲ ಪದ್ದು, ಅಂಥ ಸಾಧು ಇನ್ನೊಬ್ಬನಿಲ್ಲ ಕಣ್ರೀ. ನಲ್ಲಿ ಹತ್ರ ಯಾರಾದ್ರೂ ಜಗಳ ತೆಗೆದ್ರೆ ತನ್ನ ಕೊಡ ಎತ್ತಿ ಹಿಂದಕ್ಕಿಟ್ಟುಬಿಡ್ತಾನೆ. ಜಗಳ ಆಡೋರಿಗೇ ನಾಚಿಕೆ ಆಗ್ಬೇಕು,” ಅನ್ನುತ್ತಿದ್ದರು ಕೆಲವರು. “ನಾಚಿಕೆ ಅವನಿಗಾಗ್ಬೇಕು. ಗಂಡಸು ಅನ್ನೋನು ಹೆಂಗಸರ ಸಾಲಲ್ಲಿ ಕೊಡ ಹಿಡ್ಕೊಂಡು ನಿಂತ್ಕೋತಾನಾ?” ಅನ್ನುತ್ತಿದ್ದರು ಇನ್ನು ಕೆಲವರು. ಸೋಡಾ ಅಂಗಡಿಯ ಕಟ್ಟೆ ಮೇಲೆ ಕೂರುವ ಹುಡುಗರದು ಬೇರೆಯೇ ರಾಗ. “ಏನ್ ಗುರು, ನಿಮ್ಮಮ್ಮ ನಿಂಗೆ ಹೆಣ್ಣು ಹುಡುಕ್ತಾವ್ರಾ, ಗಂಡು ಹುಡುಕ್ತಾವ್ರಾ?” ಎಂದು ಒಬ್ಬ ಕೇಳಿದರೆ, “ಬಿಡು ಮಗಾ, ಯಾವ್ದು ಮೊದ್ಲು ಸಿಗುತ್ತೋ ಅದಕ್ಕೇ ಛತ್ರ ಗೊತ್ತು ಮಾಡ್ತಾರೆ” ಎಂದು ಇನ್ನೊಬ್ಬ. ಎಮರ್ಜೆನ್ಸಿ ಬಂದು ಎಲ್ಲೆಲ್ಲೂ ಸಂತಾನಹರಣ ಚಿಕಿತ್ಸೆಯ ಕ್ಯಾಂಪುಗಳ ಮಾತೇ ಆದಾಗ ಬೀದಿಗೆ ಹೊಸದೊಂದು ಕಾರಣ ಸಿಕ್ಕಿತು. “ಕ್ಯಾಂಪಿನೋರು ಹಿಡ್ಕೊಂಡು ಹೋಗಿ ಆಪರೇಷನ್ ಮಾಡ್ಬಿಟ್ರಂತೆ. ಅದಕ್ಕೇ ನೋಡಿ, ಮುಖ ಬೆಣ್ಣೆ ಹಂಗಾಗಿದೆ.”

ಇವರೆಲ್ಲ ‘ಅವನು’ ಅನ್ನುತ್ತಿದ್ದರು. ರೇಷನ್ ಕಾರ್ಡಿನಲ್ಲೂ ಪದ್ಮನಾಭ ಎಂದೇ ಇತ್ತು. ಆದರೆ ಪದ್ದು ತನ್ನ ಜೊತೆ ತಾನು ಮಾತಾಡಿಕೊಳ್ಳುವಾಗ, ನೆನಪು ಹೋಗುವಷ್ಟು ಹಿಂದಿನಿಂದಲೂ, ತಾನು ಹೆಣ್ಣೇ. ಹಾಗಾಗಿ ಈ ಕತೆಯೂ ಅವಳನ್ನು ಅವಳು ಅಂತಲೇ ಕರೆಯಲಿ.

ರಾಜಾಜಿನಗರದ ಹಿಂಬದಿ, ಮಾಗಡಿ ರಸ್ತೆಗೆ ಇಳಿಜಾರಾಗಿ ಇಳಿಯುವ ಕಡೆ ಅವರ ಬೀದಿ. ಮೇಲಿನ ಅಡ್ಡರಸ್ತೆಗಳಲ್ಲಿ ಗೇಟು, ಕಾಂಪೌಂಡು, ಕ್ರೋಟನ್ ಗಿಡ ಇಟ್ಟುಕೊಂಡ ಆಫೀಸಿನವರ ಮನೆಗಳು. ಕೆಳಗೆ ಶೀಟು ಹೊದ್ದ ನೇಕಾರರ ಮನೆಗಳು. ಇಡೀ ಬೀದಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಖಟಖಟ ಅನ್ನುತ್ತಿತ್ತು. ಕರೆಂಟು ಹೋದಾಗ ಮಾತ್ರ ಜನಕ್ಕೆ ತಮ್ಮ ಮಾತು ತಮಗೆ ಕೇಳಿಸುತ್ತಿತ್ತು, ಆಗ ಎಲ್ಲರೂ ಇದ್ದಕ್ಕಿದ್ದ ಹಾಗೆ ದನಿ ತಗ್ಗಿಸುತ್ತಿದ್ದರು.

ಪದ್ದುವಿನ ಅಣ್ಣ ವೆಂಕಟಗಿರಿಗೆ ಮುಂದಿನ ಹಜಾರದಲ್ಲಿ ಎರಡು ಪವರ್‌ಲೂಮು. ಅವನು ಮಗ್ಗ ನೋಡಿಕೊಳ್ಳುತ್ತಿದ್ದ, ಅವನ ಹೆಂಡತಿ ಜಲಜಾ ಲಡಿಯಿಂದ ಬಾಬಿನ್ನಿಗೆ ನೂಲು ಸುತ್ತುತ್ತಿದ್ದಳು. ಕಡಿದ ಎಳೆ ಕಟ್ಟುವುದು, ಹಳೆ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಸುರುಳಿ, ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುವುದು ಪದ್ದುವಿನ ಪಾಲಿನ ಕೆಲಸ. ಅದಕ್ಕೆ ಕಣ್ಣಿಗಿಂತ ಬೆರಳ ತುದಿ ಮುಖ್ಯ. ಬೆರಳು ಸ್ವಲ್ಪ ಒರಟಾದರೂ ರೇಷ್ಮೆ ಅದಕ್ಕೆ ತಗುಲಿ, ಕೂದಲಿಗಿಂತ ಸಣ್ಣ ನಾರು ಎದ್ದು ಸೀರೆ ಕೆಡುತ್ತದೆ. ಅದಕ್ಕೇ ಆ ಬೀದಿಯ ಎಲ್ಲ ಮನೆಗಳಲ್ಲೂ ಮಗ್ಗದ ಪಕ್ಕ ಒಂದು ಇಟ್ಟಿಗೆ ಚೂರು ಇರುತ್ತಿತ್ತು. ಕೂರುವ ಮೊದಲು ಬೆರಳನ್ನು ಅದಕ್ಕೆ ಉಜ್ಜಿ ನಯ ಮಾಡಿಕೊಳ್ಳಬೇಕು. ಪದ್ದುವಿನ ಇಟ್ಟಿಗೆ ಚೂರು ನಡುವೆ ಸವೆದು ದೋಣಿಯ ಹಾಗಾಗಿತ್ತು.

“ಪದ್ದೂ, ಎಳೆ!” ಎಂದು ವೆಂಕಟಗಿರಿ ಕೂಗುತ್ತಿದ್ದ. ಪದ್ದು ಬಂದು ಕಟ್ಟುತ್ತಿದ್ದಳು. ಅವರಿಬ್ಬರ ನಡುವೆ ದಿನದಲ್ಲಿ ಆಗುತ್ತಿದ್ದ ಮಾತು ಹೆಚ್ಚಿನ ಪಾಲು ಇಷ್ಟೇ.

ಇಂದ್ರಮ್ಮ ಆ ಬೀದಿಗೆ ಬರುತ್ತಿದ್ದುದು ಊದುಬತ್ತಿ ಮಾರಲು. ಕೆಂಗೇರಿಯ ಸ್ಟೇಷನ್ನಿನ ಆಚೆ ಒಂದು ಕೋಣೆಯಲ್ಲಿದ್ದುಕೊಂಡು, ತಾನೇ ಹೊಸೆದು, ತಾನೇ ಹೊತ್ತು ತಂದು ಮಾರುವವಳು. ಅವಳೂ ಒಂದು ಕಾಲಕ್ಕೆ ಯಾರದೋ ಮನೆಯಲ್ಲಿ ಗಂಡುಮಗು ಎಂದು ನಾಮಕರಣ ಮಾಡಿಸಿಕೊಂಡವಳೇ. ಜನ ಹಿಂದೆ ಆಡಿಕೊಳ್ಳುತ್ತಿದ್ದರು, ಮುಂದೆ ಊದುಬತ್ತಿ ಕೊಳ್ಳುತ್ತಿದ್ದರು. ಒಂದು ದಿನ ಜಗಲಿ ಮೇಲೆ ನೀರು ಕುಡಿಯಲು ಕೂತವಳು ಪದ್ದುವಿನ ಮುಖವನ್ನೇ ನೋಡಿ, “ಸುಸ್ತಾಗಿದ್ಯಾ ಮಗಾ?” ಅಂದಳು.

“ಇಲ್ವಲ್ಲ, ಈಗ ತಾನೇ ಊಟ ಆಯ್ತು.”

“ಆ ಸುಸ್ತಲ್ಲ ನಾನು ಕೇಳಿದ್ದು.”

ಪದ್ದು ಖಾಲಿ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಅದಕ್ಕೆ ಉತ್ತರ ಕೊಟ್ಟದ್ದು ಇಂದ್ರಮ್ಮ ಮುಂದಿನ ಸಲ ಬಂದಾಗ. ಯುಗಾದಿ ಕಳೆದ ಮೇಲೆ ಒಂದು ದಿನ ಇಬ್ಬರೂ ಮೆಜೆಸ್ಟಿಕ್ಕಿನ ಹಿಂದಿನ ಗಲ್ಲಿಯೊಂದರ ಮುದಿ ಡಾಕ್ಟರ ಹತ್ತಿರ ಹೋದರು. ಅವರು ಕೊಟ್ಟದ್ದು ಮುಟ್ಟು ನಿಂತ ಹೆಂಗಸರಿಗೆ ಬರೆದುಕೊಡುವ ಹಾರ್ಮೋನ್ ಮಾತ್ರೆ, ಪದ್ದುವಿನ ಮೈಯನ್ನೂ ಮೆಲ್ಲಗೆ ಹೆಣ್ಣಿನದಾಗಿಸುವಂಥದು. ಡಾಕ್ಟರು ಪದ್ದುವಿನ ನಾಡಿ ಹಿಡಿದು, ಕಾಲು ಒತ್ತಿ ನೋಡಿ, “ಮೀನಖಂಡ ಊದಿದ್ರೆ, ಉಸಿರು ಕಟ್ಟಿದ್ರೆ ಆ ಕ್ಷಣ ಬರಬೇಕು. ಇನ್ನು ಬೇಗ ಬೇಗ ಏನೂ ನಿರೀಕ್ಷೆ ಮಾಡ್ಬೇಡ. ಮೊದಲು ಹೇಳೋದು ಚರ್ಮ. ಮಿಕ್ಕಿದ್ದೆಲ್ಲ ಆಮೇಲೆ,” ಅಂದರು. ಪದ್ದು ಮಾತ್ರೆಗಳನ್ನು ಖಾಲಿ ಬಾಬಿನ್ನಿನ ಕೊಳವೆಯಲ್ಲಿ ತುರುಕಿ, ಖಾಲಿ ಬಾಬಿನ್ನುಗಳ ಬುಟ್ಟಿಯ ತಳದಲ್ಲಿಟ್ಟಳು.

ಆಮೇಲೆ ಚರ್ಮ ಮಾತಾಡುವುದನ್ನು ಕಾಯುವುದೇ ಅವಳ ಕೆಲಸವಾಯಿತು. ಬೆಳಗ್ಗೆ ಮುಖ ತೊಳೆಯುವಾಗ ಕನ್ನಡಿಯ ಚೂರಲ್ಲಿ ನೋಡುವಳು. ಏನೂ ಇಲ್ಲ. ಅದೇ ಜಿಡ್ಡು ಹಣೆ, ಅದೇ ಗಡ್ಡದ ನೆರಳು. ಒಂದು ಮಧ್ಯಾಹ್ನ ಹಾಸು ಕೂಡಿಸಲು ಕೂತು, ಅರ್ಧ ಕೆಲಸ ಮುಗಿದ ಮೇಲೆ, ಇಟ್ಟಿಗೆ ಚೂರು ಮುಟ್ಟಲೇ ಇಲ್ಲವೆಂದು ನೆನಪಾಯಿತು. ನಿನ್ನೆ ಮುಟ್ಟಿದ್ದೆನೇ? ಮೊನ್ನೆ? ಎಳೆ ಬೆರಳ ಮೇಲೆ ನೀರು ಜಾರುವ ಹಾಗೆ ಜಾರುತ್ತಿತ್ತು. ಅವಳು ಕೆಲಸ ಬಿಟ್ಟು ಹೆಬ್ಬೆರಳಿಂದ ತೋರುಬೆರಳನ್ನು ಸವರಿಕೊಂಡು ಸುಮ್ಮನೆ ಕೂತಳು.

“ಏನೋ ಅದು, ಜ್ಯೋತಿಷ್ಯ ನೋಡ್ಕೋತಿದೀಯಾ?” ಎಂದು ಜಲಜಾ ಬಾಬಿನ್ನಿನ ಕಡೆಯಿಂದ ನಕ್ಕಳು.

“ಮುಳ್ಳು ಚುಚ್ಚಿದೆ ಅತ್ತಿಗೆ.”

ಅಲ್ಲಿಂದ ಒಂದೊಂದೇ ಕಾಣತೊಡಗಿದವು. ಹಣೆಯ ಜಿಡ್ಡು ಹೋಯಿತು. ಕತ್ತಿನ ಹಿಂದೆ ಸದಾ ಏಳುತ್ತಿದ್ದ ಗುಳ್ಳೆಗಳು ಹೇಳದೆ ಕೇಳದೆ ಹೊರಟುಹೋದವು. ಬೆವರಿನ ವಾಸನೆ ಬೇರೆಯಾಯಿತು. ಬಿಚ್ಚಿದ ಅಂಗಿಯನ್ನು ಮೂಸಿ, ಇದು ಯಾರ ಅಂಗಿ ಎಂದು ಒಂದು ಗಳಿಗೆ ಅನುಮಾನಪಟ್ಟಳು. ಮಣಿಕಟ್ಟಿನ ಒಳಗೆ ಹಸಿರು ನರ ಕಾಣತೊಡಗಿತು. ಮಗ್ಗದ ಚೌಕಟ್ಟಿಗೆ ಮೊಣಕೈ ಸ್ವಲ್ಪ ತಗುಲಿದರೂ ನೇರಳೆ ಹಣ್ಣಿನ ಕಲೆ ಬಿದ್ದು ಹೋಗಲು ದಿನಗಟ್ಟಲೆ ಬೇಕಾಗುತ್ತಿತ್ತು. ಬೇರೆ ಯಾರೂ ಗುರುತಿಸದ ಸಣ್ಣ ಸಣ್ಣ ಬದಲಾವಣೆಗಳು. ದಿನವಿಡೀ ದುಡಿದು ಮಲಗುವಾಗ ಅವಳು ತನ್ನ ಮುಂಗೈಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಮಗು ಹೊದಿಕೆಯ ಅಂಚು ಹಿಡಿದುಕೊಂಡ ಹಾಗೆ.

ಆದರೆ ಆ ಮನೆಯಲ್ಲಿ ಆ ಚರ್ಮವನ್ನು ವಾರಕ್ಕೊಮ್ಮೆ ಓದುವ ಇನ್ನೊಂದು ಜೊತೆ ಕೈಯಿತ್ತು. ತಾಯಿ ಜಗದಾಂಬಾಳದು, ಬೀದಿಯವರ ಜಗದಮ್ಮನದು.

ಆ ಮನೆಯಲ್ಲಿ ಎಣ್ಣೆಸ್ನಾನಕ್ಕೆ ಕಟ್ಟುನಿಟ್ಟು. ಶುಕ್ರವಾರ ಹೆಂಗಸರದು, ಶನಿವಾರ ಗಂಡಸರದು. ಹೆಂಗಸರಿಗೆ ಕೊಬ್ಬರಿ ಎಣ್ಣೆ, ಅರಿಶಿನ ಕಲೆಸಿದ ಕಡಲೆಹಿಟ್ಟು. ಗಂಡಸರಿಗೆ ಹರಳೆಣ್ಣೆ, ಒರಟಾಗಿ ಕುಟ್ಟಿದ ಸೀಗೆಪುಡಿ. ತಿಕ್ಕಿದರೆ ಚರ್ಮ ಕಿರುಗುಟ್ಟಬೇಕು. ಗಂಡ ತೀರಿಕೊಂಡ ಮೇಲೆ ಜಗದಾಂಬಾ ಎಲ್ಲವನ್ನೂ ಸೊಸೆಗೆ ಬಿಟ್ಟುಕೊಟ್ಟಿದ್ದಳು, ಅಡುಗೆಮನೆಯನ್ನೂ. ಶನಿವಾರ ಮಕ್ಕಳ ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ವೆಂಕಟಗಿರಿ, ಮದುವೆಯಾದವನು, ಮುಜುಗರದಿಂದ ತಲೆಗೆ ಮಾತ್ರ ಹಚ್ಚಿಸಿಕೊಂಡು ಎದ್ದುಬಿಡುತ್ತಿದ್ದ. ಪದ್ದು ಕೂತೇ ಇರುತ್ತಿದ್ದಳು. ತಾಯಿಯ ಅಂಗೈ ಬೆನ್ನೆಲುಬಿನ ಗುಂಟ ಇಳಿಯುವಾಗ ಅವಳಿಗೆ ಯಾರಿಗೂ ಯಾವ ಉತ್ತರವನ್ನೂ ಕೊಡಬೇಕಾಗಿರಲಿಲ್ಲ. ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದುದು ಎರಡೇ: ಈ ಚರ್ಮ, ಅದರ ಮೇಲೆ ಶನಿವಾರ ಅಮ್ಮನ ಕೈ. ಒಂದನ್ನು ಇಟ್ಟುಕೊಂಡರೆ ಇನ್ನೊಂದು ಉಳಿಯುವುದಿಲ್ಲವೇನೋ ಎಂಬ ಭಯ ಮಾತ್ರೆ ಶುರುಮಾಡಿದ ದಿನವೇ ಹುಟ್ಟಿತ್ತು.

“ಯಾಕೋ ಎಣ್ಣೆ ಇಳೀತಾನೇ ಇಲ್ವಲ್ಲೋ. ಮೊದಲು ಹಂಚು ಕುಡಿದಂಗೆ ಕುಡೀತಿತ್ತು ನಿನ್ನ ಮೈ,” ಅಂದಳು ಜಗದಾಂಬಾ ಒಂದು ಶನಿವಾರ. ಇನ್ನೊಂದು ವಾರ ಸೀಗೆಪುಡಿ ತಿಕ್ಕಿದ ಕಡೆಯೆಲ್ಲ ಕೆಂಪು ಬರೆ ಎದ್ದಿತು. ಪದ್ದು ತುಟಿ ಕಚ್ಚಿ ಉರಿ ತಡೆದಳು. “ಸುಟ್ಟಂಗಾಗಿದೆಯಲ್ಲೋ! ನಾನೇನು ಇಷ್ಟು ಜೋರಾಗಿ ತಿಕ್ಕಿದ್ನಾ?”

“ಸೆಕೆಗೆ ಬೊಕ್ಕೆ ಎದ್ದಿದೆ ಅಷ್ಟೇ ಅಮ್ಮ.”

ಆಷಾಢದ ಹೊತ್ತಿಗೆ ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡಿತು. ಎರಡು ಕಡೆಯೂ, ಚಹಾ ಚೆಲ್ಲಿ ಒರೆಸಿದ ಹಾಗೆ ತೆಳ್ಳಗೆ. ಇದನ್ನು ಡಾಕ್ಟರು ಹೇಳಿರಲಿಲ್ಲ. ಬೆಳಗಿನ ಹೊತ್ತು ಹೊಟ್ಟೆ ತೊಳಸುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. ನಲ್ಲಿಯ ಹತ್ತಿರ ಅಂಜಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಅಂಜಮ್ಮ ಆ ಬೀದಿಯ ಸೂಲಗಿತ್ತಿ. ಅರ್ಧ ಬೀದಿಯ ಹೊಕ್ಕುಳ ಬಳ್ಳಿ ಕತ್ತರಿಸಿದವಳು, ಪದ್ದುವಿನದೂ ಸೇರಿ.

“ಬಾ ಇಲ್ಲಿ. ಬೆಳಕಿಗೆ ತಿರುಗು. ಅಯ್ಯೋ ನಿನ್ನ, ಇದು ಬಸುರಿ ಹೆಂಗಸರಿಗೆ ಬರೋ ಬಂಗು ಕಣೋ! ವಾಂತಿನೂ ಬರುತ್ತಾ?”

ಸಾಲಿನಲ್ಲಿದ್ದವರೆಲ್ಲ ಕೊಡ ಕೆಳಗಿಟ್ಟು ನಕ್ಕರು. “ಎಷ್ಟು ತಿಂಗಳು ಪದ್ದು?” ಎಂದು ಒಬ್ಬಳು. “ಹುಳಿ ಮಾವಿನಕಾಯಿ ಬೇಕೇನೋ?” ಎಂದು ಇನ್ನೊಬ್ಬಳು. ಪದ್ದುವೂ ನಕ್ಕಳು. ನಗದಿದ್ದರೆ ಇನ್ನೂ ಕಷ್ಟ. ಅಂಜಮ್ಮ ಮಾತ್ರ ನಗು ಮುಗಿದ ಮೇಲೂ ಒಂದು ಕ್ಷಣ ಹೆಚ್ಚಿಗೆ ನೋಡಿದಳು, ಆಮೇಲೆ ತನ್ನ ಕೊಡದ ಕಡೆ ತಿರುಗಿದಳು.

ಮಾತು ಜಗದಾಂಬಾಳ ಕಿವಿಗೆ ಬಿದ್ದಾಗ ಅವಳು ನಗಲಿಲ್ಲ. ಊಟ ಸೇರುವುದಿಲ್ಲ, ವಾಕರಿಕೆ, ಬಿಳಿಚಿದ ಮುಖ, ಸುಸ್ತು, ಎಣ್ಣೆ ಹಿಡಿಯದ ಮೈ. ಎಲ್ಲ ಕೂಡಿಸಿ ನೋಡಿ ಅವಳಿಗೆ ಒಂದೇ ಹೆಸರು ಹೊಳೆಯಿತು. ಗಂಡನನ್ನು ಒಯ್ದದ್ದೂ ಅದೇ. ಕಾಮಾಲೆ.

ಮಾರನೆಯ ದಿನವೇ ಮಲ್ಲತ್ತಹಳ್ಳಿಯ ಕೆರೆ ಹತ್ತಿರ ಬೈರಯ್ಯನ ಮನೆಗೆ ಕರೆದುಕೊಂಡು ಹೋದಳು. ಬೈರಯ್ಯ ಕಾಮಾಲೆಗೆ ಸೊಪ್ಪು ಕೊಡುವವನು. ಮೂಡಲಪಾಳ್ಯ ದಾಟಿ ಹೊಲದ ಬದುಗಳ ಮೇಲೆ ಬಿಸಿಲಲ್ಲಿ ನಡೆಯುವಾಗ ಜಗದಾಂಬಾ ನಡುನಡುವೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದಳು. “ನಿಮ್ಮಪ್ಪನ್ನ ತಡವಾಗಿ ಕರ್ಕೊಂಡು ಬಂದೆ ಕಣೋ. ಆ ತಪ್ಪು ಮತ್ತೆ ಮಾಡಲ್ಲ.”

ಬೈರಯ್ಯ ಕಣ್ಣಿನ ರೆಪ್ಪೆ ಎಳೆದು ನೋಡಿದ, ಉಗುರು ಒತ್ತಿದ, ಬಂಗಿನ ಮೇಲೆ ಬೆರಳಾಡಿಸಿದ. “ಒಳಗಾಮಾಲೆ. ಹೊರಗೆ ಕಾಣಲ್ಲ ಇದು. ಒಳ್ಳೇ ಹೊತ್ತಿಗೆ ಬಂದ್ರಿ ತಾಯಿ,” ಅಂದ. ನೆಲನೆಲ್ಲಿ ಸೊಪ್ಪು ಮಜ್ಜಿಗೆಯಲ್ಲಿ ಅರೆದು ಕುಡಿಯಬೇಕು. ಉಪ್ಪು, ಖಾರ, ಎಣ್ಣೆ ನಾಲಿಗೆಗೆ ಮುಟ್ಟಿಸಬಾರದು. ಮೈಗೂ ಎಣ್ಣೆ ಸೋಕಿಸಬಾರದು, ವಾಸಿಯಾಗುವ ತನಕ.

ಪದ್ದು ಅಲ್ಲಿಯೇ ಬಾಯಿ ಬಿಡಬಹುದಿತ್ತು. ಬಾಯಿ ತೆರೆದಳು ಕೂಡ. ಮೈಗೂ ಎಣ್ಣೆ ಸೋಕಿಸಬಾರದು ಎಂಬ ಮಾತು ಕೇಳಿ ಬಾಯಿ ಮುಚ್ಚಿದಳು. ಶನಿವಾರಗಳ ಭಯ ತಪ್ಪಿತು ಎಂದು ಒಂದು ನಿರಾಳ ಬಂತು, ಶನಿವಾರಗಳೇ ಹೋದವು ಎಂದು ಆಮೇಲೆ ಹೊಳೆಯಿತು.

ಹಾಗೆ ಶುರುವಾಯಿತು ಪಥ್ಯ. ಉಪ್ಪಿಲ್ಲದ ಗಂಜಿ, ಕಹಿ ಮಜ್ಜಿಗೆ, ಮತ್ತೆ ಉಪ್ಪಿಲ್ಲದ ಗಂಜಿ. ಈಗ ಪದ್ದು ತೆಳ್ಳಗಾದರೆ ಕಾಮಾಲೆ, ಚರ್ಮ ನಯವಾದರೆ ಕಾಮಾಲೆ, ಚಳಿಯಾದರೆ ಕಾಮಾಲೆ. ಕ್ಯಾಂಪಿನ ಮಾತಾಡುತ್ತಿದ್ದವರೂ, “ಪಾಪ, ಕಾಮಾಲೆಯಂತೆ” ಎಂದು ಸುಮ್ಮನಾದರು. ಸುಳ್ಳು ಒಳ್ಳೆಯ ಹೊದಿಕೆಯಾಗಿ ಬಂತು. ಆದರೆ ಅದನ್ನು ಹೊತ್ತು ತಿರುಗುವುದೇ ಒಂದು ದುಡಿಮೆ. ದಿನಕ್ಕೆ ಹತ್ತಾರು ಜನ “ಈಗ ಹೇಗಿದೀಯಾ?” ಅನ್ನುತ್ತಿದ್ದರು, “ಪರವಾಗಿಲ್ಲ” ಅನ್ನಬೇಕು. ಪೂರ್ತಿ ವಾಸಿ ಅಂದರೆ ಎಣ್ಣೆ ಬರುತ್ತದೆ. ವಾಸಿಯಿಲ್ಲ ಅಂದರೆ ಅಮ್ಮ ಮತ್ತೆ ಮಲ್ಲತ್ತಹಳ್ಳಿಗೆ ಹೊರಡುತ್ತಾಳೆ.

ಒಂದು ದಿನ ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಜಗದಾಂಬಾ ಮೂಲೆಯಲ್ಲಿ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು. ತಟ್ಟೆಯಲ್ಲಿ ಪದ್ದು ಉಂಡದ್ದೇ ಗಂಜಿ.

“ಅಮ್ಮ, ಸಾರು ಇದೆಯಲ್ಲ?”

“ಇದೆ.”

“ಮತ್ತೆ?”

“ಉಪ್ಪಿಲ್ದೆ ನೀನು ತಿಂತಿರುವಾಗ ನನಗೆ ಹೆಂಗೋ ಗಂಟಲಲ್ಲಿ ಇಳೀಬೇಕು? ಹೋಗು, ಮಗ್ಗ ನಿಂತಿದೆ, ನಿಮ್ಮಣ್ಣ ಕೂಗ್ತಾನೆ.”

“ಅವತ್ತಿಂದ ಇದನ್ನೇ ಉಣ್ತಿದ್ದೀಯಾ?”

“ಹೋಗು ಅಂದ್ನಲ್ಲ.”

ಅಂದು ಎಳೆ ಕಟ್ಟುವಾಗ ಪದ್ದುವಿನ ಬೆರಳು ಎರಡು ಸಲ ತಪ್ಪಿತು.

ಶ್ರಾವಣ, ಗೌರಿ, ನವರಾತ್ರಿ ಹೀಗೇ ಕಳೆದು ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಜಲಜಾ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿದಳು. ಪದ್ದು ನಲ್ಲಿಯಿಂದ ಹೊತ್ತು ತಂದು ತುಂಬಿಸಿದಳು. ಕೊನೆಯ ಕೊಡ ಸುರಿಯುವಾಗ ಜಗದಾಂಬಾ ಹಿಂದೆ ಬಂದು ನಿಂತಳು.

“ನಾಳೆ ನಿನಗೂ ಎಣ್ಣೆ.”

“ಬೈರಯ್ಯ ಬೇಡ ಅಂದಿದಾರಲ್ಲಮ್ಮ.”

“ಬೈರಯ್ಯ ನಿನ್ನ ಹೆತ್ತಿದಾನಾ? ನರಕ ಚತುರ್ದಶಿ ದಿನ ಹಸುಗೂಸಿಗೂ ಬಿಡಲ್ಲ, ಹಾಸಿಗೆ ಹಿಡಿದೋರಿಗೂ ಬಿಡಲ್ಲ. ಒಂದು ತೊಟ್ಟಾದ್ರೂ ಹಚ್ತೀನಿ.”

ಬೆಳಗಿನ ಜಾವ ಬಚ್ಚಲಲ್ಲಿ ಹೊಗೆ, ಹಬೆ. ಪದ್ದು ಟವೆಲನ್ನು ಎದೆಗೆ ಸುತ್ತಿಕೊಂಡು ಮಣೆಯ ಮೇಲೆ ಕೂತಳು. ಜಗದಾಂಬಾ ನೆತ್ತಿಗೆ ಮೂರು ಬೊಟ್ಟು ಎಣ್ಣೆ ಇಟ್ಟು, ತಟ್ಟಿ, ಆಯುಸ್ಸು ಹರಸಿದಳು. ಒಂದು ತೊಟ್ಟು ಅಂದವಳ ಕೈ ಕತ್ತಿಗೆ ಬಂತು, ಭುಜಕ್ಕೆ ಬಂತು. ಎಷ್ಟೋ ತಿಂಗಳ ಮೇಲೆ ಬಂದ ಕೈ. ಬೆನ್ನಿಗೆ ಇಳಿದು ನಡುವೆ ಎಲ್ಲೋ ನಿಂತಿತು. ಮತ್ತೆ ಮೇಲಕ್ಕೆ ಹೋಗಿ, ಗೊತ್ತಿದ್ದ ದಾರಿಯಲ್ಲಿ ಮೊದಲಿಂದ ಇಳಿಯಿತು. ಜಗದಾಂಬಾ ತನ್ನ ತಾಯಿಯ ಬೆನ್ನು ತಿಕ್ಕಿದವಳು, ತಂಗಿಯರದು ತಿಕ್ಕಿದವಳು, ಸೊಸೆಯದು ತಿಕ್ಕಿದವಳು. ಆ ಬೆನ್ನುಗಳೆಲ್ಲ ಅವಳ ಅಂಗೈಗೆ ನೆನಪಿದ್ದವು.

“ಇದು ಕಾಮಾಲೆ ಅಲ್ಲ,” ಅಂದಳು.

ಹಂಡೆಯ ಕೆಳಗೆ ಸೌದೆ ಚಟಪಟ ಅಂದಿತು.

“ಅಲ್ಲಮ್ಮ.”

“ಮತ್ತೇನು?”

ಪದ್ದು ಹೇಳಿದಳು. ಬೆನ್ನು ತಿರುಗಿಸಿಕೊಂಡು ಕೂತಿದ್ದರಿಂದ ಹೇಳಲು ಆಯಿತು. ಮಾತ್ರೆಯದು, ಡಾಕ್ಟರದು, ಇಂದ್ರಮ್ಮನದು. ಅದಕ್ಕೂ ಹಿಂದಿನದು, ಸಣ್ಣ ವಯಸ್ಸಿನಲ್ಲಿ ಶುಕ್ರವಾರ ಬಚ್ಚಲ ಬಾಗಿಲ ಹೊರಗೆ ಕೂತು ಕಡಲೆಹಿಟ್ಟಿನ ವಾಸನೆ ಹೀರುತ್ತಿದ್ದುದು. ಜಗದಾಂಬಾ ಎಣ್ಣೆ ಬಟ್ಟಲನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಆಮೇಲೆ ಅಂದದ್ದು ಇಷ್ಟು:

“ಹಂಗಾದ್ರೆ ನಾನು ಉಪ್ಪಿಲ್ಲದ ಗಂಜಿ ಯಾತಕ್ಕೋ ತಿಂದೆ?”

ಅದು ಬೈಗುಳವೂ ಅಲ್ಲ, ಅಳುವೂ ಅಲ್ಲ. ದಣಿದ ಮನುಷ್ಯರು ಕೇಳುವ ಪ್ರಶ್ನೆ. ಪದ್ದು ಮಂಡಿಯ ನಡುವೆ ಮುಖ ಹುದುಗಿಸಿದಳು. ಬಾಗಿಲ ಆಚೆ ಕೆಮ್ಮು ಕೇಳಿಸಿತು. ತನ್ನ ಸರದಿಗೆ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ ವೆಂಕಟಗಿರಿ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಹಬ್ಬ ಮುಗಿಯುವ ತನಕ ಅವನು ಬಾಯಿ ಬಿಡಲಿಲ್ಲ. ಮಗ್ಗಕ್ಕೆ ಪೂಜೆ ಮಾಡಿ, ಮತ್ತೆ ಕೆಲಸ ಶುರುವಾದ ದಿನ ಕರೆಂಟು ಹೋಯಿತು. ಆ ಮೌನದಲ್ಲಿ, ಬೀದಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಮಾತಾಡಿದ.

“ನಿಲ್ಸು ಅದನ್ನ.”

ಪದ್ದು ಹಾಸಿನ ಮೇಲೆ ಬಾಗಿ ಎಳೆ ಹುಡುಕತೊಡಗಿದಳು.

“ನಾನು ನಿನ್ನ ಹೊಡೀತೀನಾ? ಬೈತೀನಾ? ಒಂದು ಮಾತು ಕೇಳ್ತಿದೀನಿ. ಸೋಡಾ ಅಂಗಡಿ ಮುಂದೆ ನಾನೂ ಓಡಾಡ್ತೀನಿ ಕಣೋ. ಅವರು ಅನ್ನೋದು ನನ್ನ ಕಿವಿಗೂ ಬೀಳುತ್ತೆ. ನಿಲ್ಸಿದ್ರೆ ಚರ್ಮ ಮೊದಲಿನಂಗಾಗುತ್ತೆ ತಾನೇ? ಕಾಮಾಲೆ ಬಂದಿತ್ತು, ವಾಸಿಯಾಯ್ತು ಅಂದ್ಕೋತಾರೆ. ಅಲ್ಲಿಗೆ ಮುಗೀತು.”

“ನಿಲ್ಸಕ್ಕೆ ಆಗ್ದಿದ್ರೆ ಅಣ್ಣ?”

ವೆಂಕಟಗಿರಿ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಅವನೂ ದಣಿದಿದ್ದ. “ಆಗ ಈ ಮನೇಲಿ ಆಗಲ್ಲ. ನಾನು ಕೈಲಾಗದೋನು ಅಂತ ಅಂದ್ಕೋ, ಪರವಾಗಿಲ್ಲ.”

ಪದ್ದು ನಿಲ್ಲಿಸಿದಳು. ನಿಜವಾಗಿಯೂ ನಿಲ್ಲಿಸಿದಳು. ಅಮ್ಮನ ಕೈ ಉಳಿಯಲಿ ಎಂದು. ಜಗದಾಂಬಾ ಮತ್ತೆ ಸಾರು ಉಣ್ಣತೊಡಗಿದಳು, ಪದ್ದುವಿಗೂ ಉಪ್ಪು ಬಂತು. ಶನಿವಾರದ ಹರಳೆಣ್ಣೆಯೂ ಬಂತು, ಆದರೆ ತಾಯಿಯ ಕೈ ಮೊದಲಿನ ಹಾಗೆ ಓಡಾಡಲಿಲ್ಲ. ಬಿಸಿ ಪಾತ್ರೆ ಮುಟ್ಟುವವರ ಹಾಗೆ ಅಲ್ಲಲ್ಲಿ ತಾಕಿ ಹಿಂದೆ ಸರಿಯುತ್ತಿತ್ತು.

ಕಾರ್ತಿಕ ಅರ್ಧ ಕಳೆಯುವ ಹೊತ್ತಿಗೆ ಹಣೆಗೆ ಜಿಡ್ಡು ಮರಳಿತು. ಅಂಗಿಯಲ್ಲಿ ಹಳೆಯ ವಾಸನೆ. ಕತ್ತಿನ ಹಿಂದೆ ಒಂದು ಗುಳ್ಳೆ, ಮರೆತುಹೋದ ನೆಂಟನ ಹಾಗೆ. ಒಂದು ಗುರುವಾರ ಹೊಸ ಹಾಸು ಕೂಡಿಸುತ್ತಿದ್ದಾಗ ತೋರುಬೆರಳಿಗೆ ರೇಷ್ಮೆ ತಗುಲಿತು. ಇನ್ನೊಬ್ಬರಿಗೆ ಗೊತ್ತೂ ಆಗದಷ್ಟು ಸಣ್ಣ ಎಳೆತ. ಪದ್ದು ಎದ್ದು, ಮೂಲೆಯಲ್ಲಿ ದೂಳು ಹಿಡಿದಿದ್ದ ಇಟ್ಟಿಗೆ ಚೂರನ್ನು ತಂದು, ಬೆರಳು ಉಜ್ಜತೊಡಗಿದಳು. ಉಜ್ಜಿದಳು, ಉಜ್ಜಿದಳು. ತಲೆ ಎತ್ತಿದಾಗ ಜಗದಾಂಬಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಸಾಕು, ರಕ್ತ ಬರುತ್ತೆ.”

“ಆಗ್ತಿಲ್ಲಮ್ಮ,” ಅಂದಳು ಪದ್ದು. ದನಿಯಲ್ಲಿ ಜಗಳವಿರಲಿಲ್ಲ. “ನಂಗೆ ಸಾಕಾಗಿದೆ. ಕೆಂಗೇರಿಗೆ ಹೋಗ್ತೀನಿ. ಇಂದ್ರಮ್ಮ ಯಾವಾಗ್ಲಾದ್ರೂ ಬಾ ಅಂದಿದಾಳೆ. ಅಲ್ಲಿ ರೇಷ್ಮೆ ಎಳೆ ಹುರಿ ಮಾಡೋ ಕಡೆ ಹೆಂಗಸರನ್ನ ಕೆಲಸಕ್ಕೆ ತಗೋತಾರಂತೆ.”

ಜಗದಾಂಬಾ ಬಂದು ಅವಳ ಕೈಯಿಂದ ಇಟ್ಟಿಗೆ ಚೂರು ತೆಗೆದುಕೊಂಡಳು. ನಡುವೆ ಸವೆದ ಗುಳಿಯನ್ನು ಹೆಬ್ಬೆರಳಿಂದ ಸವರಿದಳು.

“ಇದು ಅವನ ಮನೆ. ನಾನೂ ಅವನ ಅನ್ನ ತಿನ್ನೋಳೇ. ನಾನೇನು ಹೇಳಲಿ?” ಚೂರನ್ನು ಮಗ್ಗದ ಪಕ್ಕ ಇಟ್ಟು, “ನಾಳೆ ಹೋಗು. ನೀರು ಕಾಯಿಸ್ತೀನಿ, ಎಣ್ಣೆ ಹಚ್ಕೊಂಡು ಹೋಗು,” ಅಂದಳು.

“ನಾಳೆ ಶುಕ್ರವಾರ ಅಮ್ಮ.”

“ನನಗೂ ಗೊತ್ತು ಶುಕ್ರವಾರ ಅಂತ.”

ಬೆಳಗ್ಗೆ ಜಲಜಾಳ ಸ್ನಾನ ಮುಗಿದ ಮೇಲೆ ಜಗದಾಂಬಾ ಪದ್ದುವನ್ನು ಕರೆದಳು. ಜಲಜಾ ಕೂದಲು ಒರೆಸಿಕೊಳ್ಳುತ್ತ ಅತ್ತೆಯನ್ನೂ ಪದ್ದುವನ್ನೂ ನೋಡಿ, ಬಚ್ಚಲ ದಾರಿ ಬಿಟ್ಟು ಹಿತ್ತಲಿಗೆ ನಡೆದಳು.

ಕೊಬ್ಬರಿ ಎಣ್ಣೆ. ಬಟ್ಟಲಲ್ಲಿ ಅರಿಶಿನ ಕಲೆಸಿದ ಕಡಲೆಹಿಟ್ಟು. ಜಗದಾಂಬಾಳ ಕೈ ಎಲ್ಲಿಯೂ ಹಿಂದೆ ಸರಿಯಲಿಲ್ಲ. ಬೆನ್ನು, ತೋಳು, ಕಿವಿಯ ಹಿಂದೆ, ಬಂಗು ಇನ್ನೂ ಮಾಯದ ಕೆನ್ನೆ; ಎಲ್ಲ ಕಡೆಯೂ ಹಿಟ್ಟು ಹಚ್ಚಿ, ನೀರು ಚಿಮುಕಿಸಿ, ನಿಧಾನವಾಗಿ ತಿಕ್ಕಿದಳು. ತಿಕ್ಕುತ್ತ ಮಾತಾಡಿದಳು, ಮದುವೆಯಾಗಿ ಹೊರಟವರಿಗೆ ಹೇಳುವ ದನಿಯಲ್ಲಿ.

“ಸೀಗೆಪುಡಿ ಮುಟ್ಬೇಡ ಇನ್ನು. ಆ ಮಾತ್ರೆ ತಗೊಂಡ್ರೆ ನಿನ್ನ ಚರ್ಮ ತಡೆಯಲ್ಲ. ಕಡಲೆಹಿಟ್ಟು ಬಿಸಿ ಅನ್ಸಿದ್ರೆ ಹೆಸರುಹಿಟ್ಟು ಹಚ್ಚು. ಬಂಗಿಗೆ ರಕ್ತಚಂದನ ತೇದು ಹಾಕು, ಬಿಸಿಲಿಗೆ ಹೋಗೋವಾಗ ತಲೆ ಮೇಲೆ ಸೆರಗು ಹೊದ್ಕೋ. ಕಾಲು ಊದಿದ್ರೆ ಆ ಡಾಕ್ಟರ ಹತ್ರ ಹೋಗು, ಬೈರಯ್ಯನ ಹತ್ರ ಅಲ್ಲ. ಶುಕ್ರವಾರ ತಪ್ಪಿಸ್ಬೇಡ. ಶುಕ್ರವಾರ ನಾನೂ ಹಚ್ಕೋತಿರ್ತೀನಿ ಕಣೇ, ಗೊತ್ತಿರ್ಲಿ.”

“ಹೂಂ.”

“ಹೂಂ ಅಂದ್ರೆ ಸಾಲ್ದು. ಬೆನ್ನಿಗೆ ಯಾರು ಹಚ್ತಾರೆ?”

“ಇಂದ್ರಮ್ಮ ಇದಾಳಲ್ಲ.”

ಜಗದಾಂಬಾ ತಂಬಿಗೆ ನೀರು ಎತ್ತಿ ಒಂದು ಗಳಿಗೆ ಹಿಡಿದಳು. “ಸರಿ ಬಿಡು,” ಎಂದು ಸುರಿದಳು.

ಊಟಕ್ಕೆ ಸಾರು ಅನ್ನ. ಉಪ್ಪು ಒಂದು ಹರಳು ಹೆಚ್ಚಾಗಿತ್ತು, ಇಬ್ಬರೂ ತಟ್ಟೆ ಖಾಲಿ ಮಾಡಿದರು. ಪದ್ದು ಖಾಲಿ ಬಾಬಿನ್ನುಗಳ ಬುಟ್ಟಿಯ ತಳದಿಂದ ಕೊಳವೆಯೊಂದನ್ನು ತೆಗೆದು ಕೈಚೀಲಕ್ಕೆ ಹಾಕಿದಳು. ಎರಡು ಅಂಗಿ, ಒಂದು ಪಂಚೆ, ಜಗದಾಂಬಾ ಮಡಿಸಿ ಕೊಟ್ಟ ತನ್ನದೇ ಒಂದು ಹಳೆಯ ನೂಲಿನ ಸೀರೆ. ಒದ್ದೆ ಕೂದಲು ಕತ್ತಿನ ತನಕ ಬೆಳೆದಿತ್ತು; ತಾಯಿ ಅದನ್ನು ಟವೆಲಿನಲ್ಲಿ ಒತ್ತಿ ಒರೆಸಿದಳು.

ಹಜಾರದಲ್ಲಿ ವೆಂಕಟಗಿರಿ ಮಗ್ಗದ ಮೇಲೆ ಬಾಗಿದ್ದ. ತಿರುಗಿ ನೋಡಲಿಲ್ಲ. ಪದ್ದು ಹೊಸ್ತಿಲ ಹತ್ತಿರ ಬಂದು, ಒಂದು ಕಾಲು ಆಚೆ ಇಟ್ಟಾಗ, ಎಳೆ ಕಡಿದು ಮಗ್ಗ ನಿಂತಿತು.

“ಪದ್ದೂ, ಎಳೆ!”

ಕೂಗಿದವನಿಗೇ ತಾನು ಕೂಗಿದ್ದು ತಡವಾಗಿ ತಿಳಿಯಿತು. ಬಾಯಿ ಹಾಗೇ ತೆರೆದುಕೊಂಡು ನಿಂತ. ಪದ್ದು ಚೀಲವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದಳು. ಕಡಿದ ತುದಿಗಳನ್ನು ಹುಡುಕಿ, ಎಳೆ ಜಾರದ ಹಾಗೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಗಂಟು ಹಾಕಿದಳು. ಎಳೆ ಎಲ್ಲೂ ತಗುಲಲಿಲ್ಲ. ಬೆಳಗಿನ ಎಣ್ಣೆಯ ನಯ ಇನ್ನೂ ಬೆರಳಲ್ಲಿತ್ತು. ವೆಂಕಟಗಿರಿ ಆ ಬೆರಳುಗಳನ್ನೇ ನೋಡುತ್ತಿದ್ದ. ಅರಿಶಿನ ಉಗುರಿನ ಸಂದಿಯಲ್ಲಿ ಉಳಿದಿತ್ತು.

“ಬಸ್ಸು ಸಿಗುತ್ತಾ?” ಅಂದ.

“ಸಿಗುತ್ತೆ ಅಣ್ಣ.”

ಅವಳು ಚೀಲ ಎತ್ತಿಕೊಂಡು ಇಳಿದಳು. ನಲ್ಲಿಯ ಹತ್ತಿರ ಸಾಲು ಇತ್ತು. ಅಂಜಮ್ಮ ಒದ್ದೆ ತಲೆಯನ್ನು ನೋಡಿದಳು, ಅರಿಶಿನ ಕಚ್ಚಿದ ಕೆನ್ನೆಯನ್ನು ನೋಡಿದಳು. ಶುಕ್ರವಾರ ಎಂದು ಅವಳಿಗೂ ಗೊತ್ತಿತ್ತು. ಅವಳು ದಾರಿಗೆ ಅಡ್ಡ ಇದ್ದ ತನ್ನ ಕೊಡವನ್ನು ಎತ್ತಿ ಹಿಂದಕ್ಕಿಟ್ಟುಕೊಂಡಳು. ಪದ್ದು ಇಳಿಜಾರಿನಲ್ಲಿ ಮಾಗಡಿ ರಸ್ತೆಯ ಕಡೆ ನಡೆದಳು. ಬೀದಿಯ ತಿರುವು ದಾಟುವ ತನಕ ಹಿಂದಿನಿಂದ ಅಣ್ಣನ ಮಗ್ಗದ ಸದ್ದು ಮಾತ್ರ ಬರಲಿಲ್ಲ. ದಾಟಿದ ಮೇಲೆ ಆ ಮಗ್ಗ ಮತ್ತೆ ಖಟಖಟ ಅಂದಿತು.